ಯಂತ್ರ ಬರೋತನಕ ಮಾತಿಲ್ಲ

ಮಾರುಕಟ್ಟೆಗೇ ಬರದ ವಸ್ತುವಿನಿಂದ ಯಾರಿಗೂ ನಷ್ಟ ಆಗಿಲ್ಲವಲ್ಲ ಎಂದು ಅವನು ಫೋನಿನಲ್ಲಿ ಹೇಳಿದ. ನಾನು ಹೈಸ್ಕೂಲಿನಿಂದ ಡಿಗ್ರಿಯವರೆಗೆ ಗದಗ ಜಿಲ್ಲೆಯ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿದವಳು. ಇಂಥ ವಾಕ್ಯ ಕೇಳಿದರೆ ಎಲ್ಲಿ ಸೀಳಬೇಕು ಎಂದು ಮೊದಲು ಹುಡುಕುತ್ತೇನೆ, ಸಿಟ್ಟು ಆಮೇಲೆ. ಅವತ್ತು ಮೊದಲು ಸಿಟ್ಟೇ ಬಂತು.

ಲಕ್ಷ್ಮೇಶ್ವರದಲ್ಲಿ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಇರುವ ಮನೆಯ ಕಟ್ಟೆಯ ಕಲ್ಲಿನಲ್ಲಿ ಚೌಕಾಬಾರದ ಮನೆಗಳನ್ನು ಯಾರೋ ಹಿಂದಿನವರು ಕೊರೆದಿದ್ದಾರೆ. ಕವಡೆ ಎಸೆದು ಕಾಯಿ ನಡೆಸುವುದು, ಎದುರಿನವರ ಕಾಯಿ ಕಡಿದು ಮನೆಗೆ ಕಳಿಸುವುದು, ಇಷ್ಟೇ ಆಟ. ಅತ್ತೆಯ ಎದುರು ಪ್ರತಿ ಮಧ್ಯಾಹ್ನ ಕೂರುತ್ತಿದ್ದವರು ಎದುರುಮನೆಯ ಬಳೆ ಅಂಗಡಿಯ ಚಾಚಿ. ಅತ್ತೆ ಅವರಿಗೆ ಅವರ ಭಾಷೆಯಲ್ಲೇ ಅಕ್ಕ ಎಂದು ಆಪಾ ಅನ್ನುತ್ತಿದ್ದಳು, ಅವರು ಅತ್ತೆಗೆ ಅಕ್ಕಾ ಅನ್ನುತ್ತಿದ್ದರು. ಇಬ್ಬರಲ್ಲಿ ದೊಡ್ಡವರು ಯಾರು ಎಂಬುದು ಕೊನೆಗೂ ತೀರ್ಮಾನವಾಗಿರಲಿಲ್ಲ. ಓಣಿಯ ಹೆಂಗಸರು ಬರುತ್ತಿದ್ದದ್ದು ಆಟ ನೋಡುವುದಕ್ಕಲ್ಲ, ಇವರಿಬ್ಬರು ಬೈದಾಡುವುದನ್ನು ಕೇಳುವುದಕ್ಕೆ. ಕಡಿಯಲು ಬಾರದ ಗಟ್ಟಿಮನೆಯಲ್ಲಿ ಚಾಚಿಯ ಕಾಯಿ ಅಡಗಿದರೆ ಅತ್ತೆ ಶುರು ಮಾಡುತ್ತಿದ್ದಳು.

"ಒಳಗ ಕುಂತು ಕಣ್ಣು ಹೊಡೀಬ್ಯಾಡವಾ, ಹೊರಗ ಬಾ. ನಿಮ್ಮ ಮಾವ ಬಡಿಗಿ ಹಿಡಕೊಂಡು ಕಾಯಾಕತ್ತಾನ."

"ಮಾವ ಬಂದ್ರ ಚಾ ಕುಡಿಸಿ ಕಳಸ್ತೀನಿ. ನಿನ್ನ ಕಾಯಿ ಬಂದ್ರ ಕುಂಡ್ರಾಕೂ ಹೇಳಂಗಿಲ್ಲ."

ಒಂದು ಸಲ ಆಡಿದ ಮಾತು ಮತ್ತೆ ಬರುವಂತಿಲ್ಲ, ಬಂದರೆ ಸೋತ ಹಾಗೆ. ಈ ನಿಯಮ ಅವರಿಬ್ಬರದೇ.

ನಾನು ಗದಗದ ಹಾಸ್ಟೆಲಿನಲ್ಲಿದ್ದ ವರ್ಷ, ರಜೆಗೆ ಹೋದಾಗ, ಬೆಂಗಳೂರಿನ ಹುಡುಗನೊಬ್ಬ ಅತ್ತೆಯ ಪಡಸಾಲೆಯಲ್ಲಿ ಕೂತಿದ್ದ. ಲಕ್ಕುಂಡಿಯ ಗುಡಿಗಳ ನೆಲದಲ್ಲಿ ಕೊರೆದ ಆಟದ ಮನೆಗಳನ್ನು ನೋಡಲು ಬಂದವನಿಗೆ ಅಲ್ಲಿ ಯಾರೋ ಅತ್ತೆಯ ಬಾಯಿಯ ಬಗ್ಗೆ ಹೇಳಿದ್ದರಂತೆ. ಅವನ ಕಂಪನಿ ಟಿವಿಗೆ ಜೋಡಿಸುವ ಆಟದ ಯಂತ್ರವೊಂದನ್ನು ಮಾಡುತ್ತಿತ್ತು. ನಮ್ಮ ನೆಲದ ಆಟಗಳು ಮಾತ್ರ ಅದರಲ್ಲಿ. ರಿಮೋಟನ್ನು ಕೈಯಲ್ಲಿ ಕುಲುಕಿದರೆ ಪರದೆಯ ಮೇಲೆ ಕವಡೆ ಬೀಳುತ್ತವೆ, ಕಾಯಿ ಕಡಿದಾಗ ಅತ್ತೆಯ ದನಿಯಲ್ಲಿ ಬೈಗುಳ ಕೇಳುತ್ತದೆ. ಸದ್ದಾಗುತ್ತದೆಂದು ಫ್ಯಾನು ಆರಿಸಿ, ಬೆವರುತ್ತ ಕೂತ ಅತ್ತೆಯಿಂದ ಅವನು ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿಕೊಂಡ. ಒಂದು ಶಾಲು ಹೊದಿಸಿದ. ಹೊರಡುವಾಗ, ಯಂತ್ರ ಮಾರ್ಕೆಟ್ಟಿಗೆ ಬರುವವರೆಗೂ ಇಂಥ ಮಾತನ್ನು ಬೇರೆ ಯಾರ ಮುಂದೆಯೂ ಆಡಬೇಡಿ, ಈ ವಿಷಯವನ್ನೂ ಹೇಳಬೇಡಿ, ಬೇರೆ ಕಂಪನಿಯವರು ಕದಿಯುತ್ತಾರೆ ಎಂದ.

"ಆತಪಾ. ಬರೋತನಕ ಇಲ್ಲ," ಅಂದಳು ಅತ್ತೆ.

ಯಾವಾಗ ಬರುತ್ತದೆ ಎಂದು ನಾನು ಕೇಳಿದೆ. ದೀಪಾವಳಿಗೆ ಅಂದ. ಯಾವ ದೀಪಾವಳಿಗೆ ಎಂದು ಕೇಳಿದ್ದಕ್ಕೆ ಅತ್ತೆ ನನ್ನನ್ನು ಕಣ್ಣಲ್ಲೇ ಸುಟ್ಟಳು. ಮನೆಗೆ ಬಂದವರನ್ನು ಹಾಗೆಲ್ಲ ಕೇಳಬಾರದು.

ಅವತ್ತಿನಿಂದ ಅತ್ತೆ ಬಾಯಿ ಮುಚ್ಚಿ ಆಡಿದಳು. ನಮ್ಮ ಕಡೆ ಬೈಗುಳಕ್ಕಿಂತ ದೊಡ್ಡ ಅವಮಾನ ಒಂದಿದೆ, ಬೈದವರಿಗೆ ತಿರುಗಿ ಬೈಯದೆ ಇರುವುದು. ಚಾಚಿ ಮೊದಲು ಹಲ್ಲುನೋವೇ ಎಂದು ಕೇಳಿದರಂತೆ. ಆಮೇಲೆ ನನ್ನಿಂದ ತಪ್ಪಾಯಿತೇ ಎಂದರಂತೆ. ಅತ್ತೆ ಏನೂ ಇಲ್ಲ ಬಿಡು ಅಂದಳಂತೆ. ಶಾಲು ಬಂದಾಗಿನಿಂದ ಅಕ್ಕನ ದಿಮಾಕು ನೋಡು ಎಂದು ಓಣಿಯಲ್ಲಿ ಮಾತು ಹುಟ್ಟಿತು. ಒಂದು ಮಧ್ಯಾಹ್ನ ಚಾಚಿ ಅರ್ಧ ಆಟದಲ್ಲಿ ತಮ್ಮ ಬಳೆಚೂರಿನ ಕಾಯಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದುಹೋದರು. ಮುಂದೆ ಅಂಗಡಿ ಮುಚ್ಚಿ ಮುಂಡರಗಿಯಲ್ಲಿರುವ ಮಗಳ ಮನೆಗೆ ಹೋಗುವಾಗ ಅತ್ತೆಯ ಮನೆಗೆ ಬಂದು ಹೋಗಿಬರ್ತೀನಿ ಎಂದೂ ಹೇಳಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ದೀಪಾವಳಿ ಬಂತು, ಮತ್ತೊಂದೂ ಬಂತು. ನಾನು ಅವನ ನಂಬರು ಹುಡುಕಿ ಫೋನ್ ಮಾಡಿದೆ. ಅವನು ಬೇರೆ ಕಂಪನಿಗೆ ಸೇರಿದ್ದ.

"ಓ, ಅದಾ? ಅದು ಕ್ಯಾನ್ಸಲ್ ಆಗಿ ವರ್ಷದ ಮೇಲಾಯ್ತು. ನಿಮಗ್ಯಾರೂ ಹೇಳ್ಲಿಲ್ವಾ?"

ಯಾರು ಹೇಳಬೇಕಿತ್ತು? ನಮ್ಮ ಗ್ರಾಮದೇವತೆಯೇ? ಆಗಲೇ ಅವನು ಆ ನಷ್ಟದ ವಾಕ್ಯ ಹೇಳಿದ್ದು. ಕಂಪನಿಯವರು ಕೂತು ಲೆಕ್ಕ ಹಾಕಿರುತ್ತಾರೆ, ಯಂತ್ರದ ಡಬ್ಬಿಯ ಅಚ್ಚಿಗೆ ಎಷ್ಟು ಹೋಯಿತು, ಒಳಗಿನ ಚಿಪ್‌ಗೆ ಎಷ್ಟು ಹೋಯಿತು. ಒಬ್ಬ ಹೆಂಗಸಿನ ಬಾಯಿಗೆ ಬೀಗ ಹಾಕಿ ಬಂದಿದ್ದೇವೆ, ಬೀಗದಕೈ ನಮ್ಮ ಹತ್ತಿರವೇ ಇದೆ ಎಂಬುದು ಯಾವ ಲೆಕ್ಕದಲ್ಲೂ ಬರಲಿಲ್ಲ. ರದ್ದು ಮಾಡುವುದು ಅವರ ಹಕ್ಕು, ಒಪ್ಪಿದೆ. ರದ್ದಾಯಿತು ಎಂದು ಹೇಳದೆ ಇರುವುದು ಯಾವ ಹಕ್ಕು?

ಅದೇ ವಾರ ಲಕ್ಷ್ಮೇಶ್ವರಕ್ಕೆ ಹೋಗಿ ಅತ್ತೆಗೆ ವಾದ ಮಂಡಿಸಿದೆ. ಅವನು ಮಾತು ಮುರಿದಿದ್ದಾನೆ, ಆದ್ದರಿಂದ ನಿನ್ನದೂ ಮುರಿಯಿತು ಎಂದೆ.

"ಅಂವ ಮುರದ್ರ ಅಂವಂದು ಮುರೀತು. ನಂದ್ಯಾಕ ಮುರೀಬೇಕು?"

ಯಂತ್ರ ಬರುವುದೇ ಇಲ್ಲ ಅತ್ತಿ, ಅದು ಸತ್ತುಹೋಯಿತು ಎಂದೆ.

"ಬರೋತನಕ ಅಂದೀನಿ. ಬರೂದ ಇಲ್ಲಂದ್ರ ಬರೋತನಕ ಮುಗ್ಯಂಗಿಲ್ಲಲ್ಲ."

ಎಷ್ಟೋ ತೀರ್ಪುಗಾರರನ್ನು ನೋಡಿದ್ದೇನೆ, ಇಂಥ ಗೋಡೆ ನೋಡಿರಲಿಲ್ಲ. ನನಗೆ ಆ ಹುಡುಗನ ಮೇಲೆ ಬಂದಷ್ಟೇ ಸಿಟ್ಟು ಈಕೆಯ ಮೇಲೂ ಬಂತು. ಮಾತು ಉಳಿಸಿಕೊಳ್ಳುವವರನ್ನು ನಾವು ದೊಡ್ಡವರೆಂದು ಹೊಗಳುತ್ತೇವೆ, ಅದರ ಬೆಲೆ ತೆತ್ತವರು ಯಾರೆಂದು ಕೇಳುವುದಿಲ್ಲ. ಇಲ್ಲಿ ತೆತ್ತದ್ದು ಚಾಚಿ. ಇದನ್ನು ಅತ್ತೆಯ ಮುಖಕ್ಕೇ ಹೇಳಿದೆ. ಅವಳು ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು, ತಿಕ್ಕಿಟ್ಟ ಪಾತ್ರೆಗಳನ್ನೇ.

ನಾನು ಮತ್ತೆ ಅವನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿ ಇಟ್ಟೆ. ಇನ್ನು ಮಾತಾಡಬಹುದು ಎಂದು ಇವರಿಗೆ ನೀವೇ ಹೇಳಿ ಎಂದೆ. ತನಗೀಗ ಆ ಅಧಿಕಾರವಿಲ್ಲ, ಹಳೆಯ ಕಂಪನಿಗೆ ಮೇಲ್ ಮಾಡಬೇಕು ಎಂದ. ನಾನು ಚೀರಾಡುವ ಮೊದಲು ಅತ್ತೆ ಒದ್ದೆ ಕೈಯಲ್ಲೇ ಫೋನ್ ಕಸಿದುಕೊಂಡಳು.

"ತಮ್ಮಾ, ಬಾಯಿ ಮುಚ್ಚಂತ ಹೇಳಾಕ ಅಧಿಕಾರ ಇತ್ತು. ತೆಗಿ ಅನ್ನಾಕ ಇಲ್ಲೇನು?"

ಅವನು, ಮಾತಾಡಿ ಅಮ್ಮಾ, ಅಂದ. ಕ್ಷಮೆ ಕೇಳಲಿಲ್ಲ. ಫೋನ್ ಇಟ್ಟುಬಿಟ್ಟ.

ಮರುದಿನ ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಮುಂಡರಗಿಗೆ ಹೋದೆವು. ಅತ್ತೆ ಕವಡೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದಳು. ಬಾಗಿಲು ತೆರೆದ ಚಾಚಿ ಬರ್ರಿ ಅಂದರು. ತೀರ ಹೊರಗಿನವರಿಗೆ ಅನ್ನುವ ಹಾಗೆ. ನೀರು ಕೊಟ್ಟು, ಅತ್ತೆ ಹೇಳುವುದನ್ನು ನಿಂತೇ ಕೇಳಿಸಿಕೊಂಡರು. ಅತ್ತೆಯ ಮಾತು ತಡವರಿಸಿತು, ನಾನು ಮುಗಿಸಿದೆ: ಹುಡುಗ, ಯಂತ್ರ, ಕೊಟ್ಟ ಮಾತು, ಎಲ್ಲ. ಚಾಚಿ ನನ್ನ ಕಡೆ ನೋಡಲೇ ಇಲ್ಲ.

"ಅಂವಗ ಒಂದ ದಿನ ಕೊಟ್ಟ ಮಾತು ಮಾತಾತು," ಅಂದರು ಅತ್ತೆಗೆ. "ನನ್ನ ಮುಂದ ದಿನಾ ಕುಂಡ್ರತಿದ್ದೆಲ್ಲ, ಅದು ಏನಾಗಿತ್ತು ಅಕ್ಕಾ?"

ಅತ್ತೆ ಕರವಸ್ತ್ರದ ಗಂಟು ಬಿಚ್ಚಿ ಕವಡೆಗಳನ್ನು ನೆಲದ ಮೇಲಿಟ್ಟಳು. ಚಾಚಿ ಒಳಗಿನಿಂದ ಸೀಮೆಸುಣ್ಣದ ಕಡ್ಡಿ ತಂದು ನೆಲದ ಮೇಲೆ ಮನೆಗಳನ್ನು ಬರೆದರು. ನಡುವೆ ಒಂದು ಗೆರೆ ಸೊಟ್ಟಾಯಿತು, ಅಳಿಸಿ ಮತ್ತೆ ಎಳೆದರು.

"ಕುಂಡ್ರು. ಇವತ್ತು ಬೈಯಾಕಿ ನಾ ಒಬ್ಬಾಕಿನ. ನೀ ಬಾಯಿ ಮುಚ್ಚಿಕೊಂಡು ಆಡು. ಹೆಂಗೂ ರೂಢಿ ಐತೆಲ್ಲ ನಿನಗ."

ಅತ್ತೆ ಕೂತಳು. ಸಂಜೆಯ ಬಸ್ಸಿನ ಹೊತ್ತಿನವರೆಗೆ ಚಾಚಿ ಬೈದರು. ಒಂದನ್ನೂ ಎರಡನೇ ಸಲ ಬೈಯಲಿಲ್ಲ. ಕೆಲವು ಆಟದ ಬೈಗುಳ, ಕೆಲವು ಆಟದ್ದಲ್ಲ. ಅತ್ತೆ ತಲೆ ತಗ್ಗಿಸಿ ಕಾಯಿ ನಡೆಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಗೋಡೆಗೆ ಒರಗಿ ಕೂತಿದ್ದ ನನಗೆ ಹಲ್ಲು ಕಡಿಯುವಷ್ಟು ಸಿಟ್ಟು. ಅತ್ತೆಯ ಜಾಗದಲ್ಲಿ ಕೂತು ಅದನ್ನೆಲ್ಲ ಕೇಳಬೇಕಾಗಿದ್ದವನು ಬೆಂಗಳೂರಿನಲ್ಲಿ ಇನ್ಯಾವುದೋ ಯಂತ್ರಕ್ಕೆ ಇನ್ಯಾರದೋ ದನಿ ಹುಡುಕುತ್ತಿದ್ದ.