ಹೊಸ್ತಿಲಿಗೆ ಕಾವಲು

ಮಗಳು ಅಂಬೆಗಾಲಿಡಲು ಶುರು ಮಾಡಿದ ವಾರ ನಮ್ಮ ಮನೆಯ ಮುಂಬಾಗಿಲು ಬಂದ್ ಆಯಿತು. ಬೀಗ ಹಾಕಿದ್ದಲ್ಲ. ಬಾಗಿಲಿಗೆ ಅಡ್ಡವಾಗಿ ಒಂದು ಶೇಂಗಾ ಚೀಲ, ಅದರ ಪಕ್ಕ ಗ್ಯಾಸ್ ಸಿಲಿಂಡರು, ಅದರ ಪಕ್ಕ ನನ್ನ ಗಂಡ. ಗಡಿಯಲ್ಲಿರುವ ರೊಳ್ಳದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಇಂಥ ಬಂದೋಬಸ್ತನ್ನು ನಾನು ಚುನಾವಣೆಯಲ್ಲೂ ನೋಡಿರಲಿಲ್ಲ.

ಕಾರಣ ನಮ್ಮವ್ವ. ನಮ್ಮಲ್ಲಿ ಕೂಸು ಮೊದಲ ಸಲ ಹೊಸ್ತಿಲು ದಾಟಿದರೆ ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಓಣಿಗೆಲ್ಲ ಸಕ್ಕರೆ ಹಂಚುತ್ತಾರೆ. ನಾನು ದಾಟಿದ ದಿನ ಅವ್ವ ಗಡಿಯಾಚೆ ಬಳ್ಳಾರಿ ಕಡೆಗೆ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗಿದ್ದಳು. ಸಂಜೆ ಬಂದವಳ ಕೈಗೆ ಅಜ್ಜಿ ಚಿಟಿಕೆ ಸಕ್ಕರೆ ಇಟ್ಟು, "ನಿನ್ನ ಮಗಳು ದಾಟಿದ್ಲು ನೋಡು" ಅಂದಳಂತೆ. ನನ್ನ ತಮ್ಮ ದಾಟಿದಾಗಲೂ ಅವ್ವ ಹೊಲದಲ್ಲೇ ಇದ್ದಳು. ಹೀಗಾಗಿ ರಾಯದುರ್ಗದ ತವರಿನಿಂದ ಅವ್ವನ ಫೋನು ಬಂತು.

"ನಾ ಬರೋತನಕ ಕೂಸಿನ್ನ ದಾಟಸಬ್ಯಾಡ್ರಿ. ಇದೊಂದನ್ನರ ನಾ ಕಣ್ಣಾರೆ ನೋಡ್ಬೇಕು. ಭಾನುವಾರ ಬರ್ತೀನಿ."

"ಅದಕ್ಕೇನಂತೆ ಬುಡಮ್ಮ, ಹಿಡ್ಕಂಡಿದ್ರಾಯ್ತು" ಅಂದರು ನಮ್ಮತ್ತೆ.

ಹಿಡಿದುಕೊಳ್ಳುವುದಂತೆ! ಈ ಮಗುವನ್ನು ಹಿಡಿಯುವುದೂ ಒಂದೇ, ನೀರಿನಲ್ಲಿ ಸೋಪು ಹಿಡಿಯುವುದೂ ಒಂದೇ. ಅನ್ನ ಬಸಿದು ತಿರುಗುವುದರೊಳಗೆ ರಾಗಿಹಿಟ್ಟಿನ ಡಬ್ಬಿ ಉರುಳಿಸಿ ಬೂದುಮೀಸೆ ಬರೆದುಕೊಂಡಿರುತ್ತಿತ್ತು. ಬೈಯಲು ಬಾಯಿ ತೆರೆದರೆ ಇರುವ ಒಂದೇ ಹಲ್ಲು ತೋರಿಸಿ ನಗುತ್ತಿತ್ತು. ಆ ಹಲ್ಲಿಗೆ ನಾನು ಪ್ರತಿಸಲವೂ ಸೋಲುತ್ತಿದ್ದೆ, ಸೋತಿದ್ದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಬುಧವಾರ ಬಚ್ಚಲಿನ ಹೊಸ್ತಿಲು ದಾಟಿಬಿಟ್ಟಿತು. ಅತ್ತೆ ಯೋಚಿಸಿ ತೀರ್ಪು ಕೊಟ್ಟರು: "ಬಚ್ಚಲು ಲೆಕ್ಕಕ್ಕಿಲ್ಲ ಕಣಮ್ಮ." ಗುರುವಾರ ರೇಷ್ಮೆಹುಳ ಸಾಕುವ ಕೋಣೆಗೆ ನುಗ್ಗಿ ಹಿಪ್ಪುನೇರಳೆ ಸೊಪ್ಪು ಅಗಿಯುತ್ತ ಕೂತಿತ್ತು. "ಅದು ಹುಳಿನ ಮನೆ, ನಮ್ಮನೆ ಅಲ್ಲ" ಅಂದರು ಅತ್ತೆ. ಶುಕ್ರವಾರದಿಂದ ಊರಿನ ಗ್ರಾಮ ಸಚಿವಾಲಯದ ಕೆಲಸಕ್ಕೆ ರಜೆ ಹಾಕಿ ನನ್ನ ಗಂಡ ಹೊಸ್ತಿಲು ಕಾಯಲು ಕೂತ. ರಜೆಗೆ ಏನು ಕಾರಣ ಹೇಳಿದನೋ ನಾನು ಕೇಳಲಿಲ್ಲ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಹಿತ್ತಲಿನಿಂದ ಸುತ್ತಿಕೊಂಡು ಬಂದಳು.

ಭಾನುವಾರ ಅವ್ವ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಕರ್ಜಿಕಾಯಿ ಡಬ್ಬಿ ಹೊತ್ತು ಬಂದಳು. ಹೊಸ್ತಿಲು ತೊಳೆದು ಅರಿಶಿನ ಹಚ್ಚಿದಳು. ಚೀಲ ಸರಿಯಿತು, ಸಿಲಿಂಡರು ಸರಿಯಿತು, ಗಂಡ ಸರಿದ. ಅತ್ತೆ ಕಾಯಿ ಹಿಡಿದು ನಿಂತರು.

ಮಗಳು ಕೂತಳು. ವಾರವಿಡೀ ಆ ಬಾಗಿಲಿಗಾಗಿ ರಂಪ ಮಾಡಿದವಳು, ಈಗ ಗುಡ್ಡದಂತೆ ಕೂತುಬಿಟ್ಟಳು. ಗಿಲಕಿ ಆಡಿಸಿದೆವು, ಕರ್ಜಿಕಾಯಿ ತೋರಿಸಿದೆವು. ಕೊನೆಗೆ ಅವ್ವ ಸೀರೆ ಎತ್ತಿ ಕಟ್ಟಿ, "ಹಿಂಗ ನೋಡವ್ವ, ಹಿಂಗ" ಎನ್ನುತ್ತ ತಾನೇ ಅಂಬೆಗಾಲಿಟ್ಟು ಹೊಸ್ತಿಲು ದಾಟಿದಳು. ಅವಳ ಹಿಂದೆ ನನ್ನ ಗಂಡ. ಮೊಣಕಾಲು ನೋವೆಂದು ನೆಲಕ್ಕೆ ಕೂರದ ಅತ್ತೆಯೂ ಕಾಯಿ ಕೆಳಗಿಟ್ಟು ದಾಟಿದರು. ಮಗಳು ಚಪ್ಪಾಳೆ ತಟ್ಟಿದಳು. ಆ ಹೊತ್ತಿಗೆ ಬಂದ ಪಕ್ಕದ ಮನೆಯಾಕೆ ನಾಲ್ಕು ಕಾಲಿನ ಮೂವರು ದೊಡ್ಡವರನ್ನು ಅಂಗಳದಲ್ಲಿ ನೋಡಿ, ಏನೂ ಕೇಳದೆ ವಾಪಸು ಹೋದಳು.

ಮಧ್ಯಾಹ್ನದ ಬಸ್ಸಿನ ಹೊತ್ತಾಯಿತು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅವ್ವ ಸೋಮವಾರ ಬೆಳಿಗ್ಗೆ ಊರಲ್ಲಿರಲೇಬೇಕು. "ಇರ್ಲಿ ಬಿಡವ್ವ. ನನ್ನ ಹಣೇಬರದಾಗ ಇಲ್ಲ" ಅಂದಳು. ನನಗೆ ಮಗುವಿನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಹೊಡೆಯಲಾಗದ್ದಕ್ಕೆ ಅಳು ಬಂತು.

ಅವ್ವ ಹೊರಗೆ ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಆಗ ಹೊರಟಳು ನಮ್ಮ ಮಗಳು. ಯಾರೂ ಕರೆದಿರಲಿಲ್ಲ. ಒಂದು ಕೈ ಆಚೆ, ಇನ್ನೊಂದು ಕೈ ಆಚೆ, ಹೊಟ್ಟೆ ಹೊಸ್ತಿಲ ಮೇಲೆ. ಕೂಗಿದರೆ ಮಗು ನನ್ನ ಕಡೆಗೆ ತಿರುಗುತ್ತದೆ. ಕೂಗದಿದ್ದರೆ ಅವ್ವ ತಿರುಗುವುದಿಲ್ಲ. ಒಂದು ಮೊಣಕಾಲು ದಾಟಿತು. ಮಗಳು ಅವ್ವನ ಸೆರಗು ಹಿಡಿದು ಎಳೆದಳು.

ಎಳೆದದ್ದು ನಾನೇ ಎಂದುಕೊಂಡಳು ಅವ್ವ. "ಅಳಬ್ಯಾಡವ್ವ, ದಸರಾಕ್ಕ ಬರ್ತೀನಿ" ಎನ್ನುತ್ತ ತಿರುಗಿದಳು.

ಒಂದು ಕಾಲು ಇನ್ನೂ ಒಳಗಿತ್ತು. ಅವ್ವ ಅದನ್ನೇ ನೋಡಿದಳು. ಆ ಪಾದ ಹೊಸ್ತಿಲ ಮೇಲೆ ಕೊಂಚ ಹೊತ್ತು ಒದ್ದಾಡಿ, ಬೆರಳಿಗೆಲ್ಲ ಅರಿಶಿನ ಮೆತ್ತಿಕೊಂಡು ಆಚೆಗೆ ಜಾರಿತು. ಅತ್ತೆ ಕಾಯಿ ಒಡೆದರು. ಅವ್ವ ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡು ನನ್ನ ಮುಖ ನೋಡಿದಳು.

"ನೀನೂ ಹಿಂಗ ದಾಟಿರಬೇಕಲ್ಲ?"

"ಹೌದವ್ವ, ಹಿಂಗ" ಅಂದೆ, ಎಲ್ಲ ನೆನಪಿರುವವಳ ಹಾಗೆ.