ಕಾಲಿಗೆ ಹಚ್ಚುವ ಮುಲಾಮು

ಮುಚ್ಚಳ ತಿರುಗಿಸಿದ ಕೂಡಲೇ ಆ ವಾಸನೆ ಬಂತು. ಮೊದಲು ಮೇಣದ್ದು, ಅದರ ಹಿಂದೆಯೇ ಮೂಗಿನೊಳಗೆ ಸಣ್ಣಗೆ ಚುಚ್ಚುವ ಇನ್ನೊಂದು... ಬೆಳ್ಳಗಿನ, ಬೆರಳಿಗೆ ಸ್ವಲ್ಪ ಮರಳು ಮರಳಾಗಿ ಹತ್ತುವ ಮುಲಾಮು. ಧಾರವಾಡದ ನನ್ನ ಬಾಡಿಗೆ ಕೋಣೆಯ ಮೇಜಿನ ಮೇಲೆ, ಈ ಸಂಜೆ ಕೊಂಡು ತಂದ ಚಪ್ಪಟೆ ಡಬ್ಬಿ. ಹದಿನೈದು ವರ್ಷ ಈ ವಾಸನೆ ನನ್ನ ಹತ್ತಿರ ಸುಳಿದಿರಲಿಲ್ಲ. ಬಂದದ್ದೇ ತಡ, ಬನಹಟ್ಟಿಯ ಆ ಔಷಧ ಅಂಗಡಿ, ಅದರ ಮುಂದಿನ ಕಟ್ಟಿಗೆಯ ಬೆಂಚು, ಬೆಂಚಿನ ಮೇಲಿನ ಗಂಡಸರು, ಅವರೆಲ್ಲರಿಗಿಂತ ಎತ್ತರದ ಸ್ಟೂಲಿನ ಮೇಲೆ ಕೂತ ಆ ಮನುಷ್ಯ, ಎಲ್ಲ ಒಟ್ಟಿಗೇ ಬಂದರು.

ಅಂಗಡಿಯವರನ್ನು ನಾವು ಕಾಕಾ ಎನ್ನುತ್ತಿದ್ದೆವು. ಯಾವ ರೀತಿಯಿಂದಲೂ ಅವರು ನಮಗೆ ಕಾಕಾ ಆಗಬೇಕಿರಲಿಲ್ಲ. ಊರಿನ ಅರ್ಧ ಮಂದಿ ಡಾಕ್ಟರ್ರೇ ಎನ್ನುತ್ತಿದ್ದರು. ಅವರು ಅದೂ ಅಲ್ಲ. ಗೋಡೆಗೆ ಗಾಜು ಹಾಕಿಸಿದ ಒಂದು ಸರ್ಟಿಫಿಕೇಟು ತೂಗುಬಿಟ್ಟಿದ್ದರು. ಅದರೊಳಗಿನ ಫೋಟೋಕ್ಕೆ ದಪ್ಪ ಮೀಸೆ ಇತ್ತು. ಕಾಕಾಗೆ ಮೀಸೆಯೇ ಇರಲಿಲ್ಲ. ಆ ಮೀಸೆಯವರನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಸಫಾರಿ ಅಂಗಿಯ ಕಿಸೆಯಲ್ಲಿ ಎರಡು ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದರು. ಒಂದರಿಂದಲೂ ಅವರು ಬರೆದದ್ದನ್ನು ನಾನು ನೋಡಲಿಲ್ಲ. ನೆಗಡಿಗೂ "ಇನ್ಫೆಕ್ಷನ್ ಐತಿ" ಎನ್ನುತ್ತಿದ್ದರು, ಮುಳ್ಳು ಚುಚ್ಚಿದರೂ "ಇನ್ಫೆಕ್ಷನ್ ಐತಿ" ಎನ್ನುತ್ತಿದ್ದರು. ಅವರ ಬಗ್ಗೆ ಬರೆಯುವಾಗ ಈಗಲೂ ಬಹುವಚನವನ್ನೇ ಬಳಸುತ್ತಿದ್ದೇನೆ. ಅದು ಗೌರವದಿಂದಲ್ಲ, ಬಿಡಲಾಗದ ರೂಢಿಯಿಂದ.

ನಮ್ಮದು ನೇಕಾರರ ಓಣಿ. ಮನೆಮನೆಯಲ್ಲೂ ಪಾವರ್‌ಲೂಮ್ ಮಗ್ಗ. ಮುಂಜಾನೆ ಶುರುವಾದ ಸದ್ದು ಊಟದ ಹೊತ್ತಿಗಷ್ಟೇ ನಿಲ್ಲುತ್ತಿತ್ತು. ಆ ಸದ್ದಿನೊಳಗೆ ಮಾತಾಡಬೇಕೆಂದರೆ ಒಂದೋ ಒದರಬೇಕು, ಇಲ್ಲವೇ ಎದುರಿನವರ ತುಟಿ ನೋಡಿ ತಿಳಿದುಕೊಳ್ಳಬೇಕು. ಗಂಡಸರು ಒದರುತ್ತಿದ್ದರು. ಹೆಂಗಸರು ದನಿ ತೆಗೆಯದೆ ತುಟಿ ಆಡಿಸುತ್ತಿದ್ದರು. ನೇಕಾರರ ಮನೆಯಲ್ಲಿ ಹುಟ್ಟಿದ ಮಗುವಿಗೆ ಅಕ್ಷರಕ್ಕಿಂತ ಮೊದಲು ತುಟಿ ಓದಲು ಬರುತ್ತಿತ್ತು.

ನೂಲು ಒಣಗಿದರೆ ಎಳೆ ಹರಿಯುತ್ತದೆ ಎಂದು ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ಆ ಹಸಿ ಸೆಕೆಯಲ್ಲಿ ಅವ್ವ ದಿನವಿಡೀ ರಾಟಿಯ ಮುಂದೆ ಕೂತು, ಲಾಳಿಯೊಳಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಸೀರೆಯೊಳಗಿನ ಪರಕಾರದ ಲಾಡಿ ಬಿಗಿದ ಜಾಗದಲ್ಲಿ ಬೆವರು ಆರುತ್ತಲೇ ಇರಲಿಲ್ಲ. ಅಲ್ಲಿ ಗಜಕರ್ಣ ಎದ್ದಿತು. ಬಳೆಯಷ್ಟು ದುಂಡಗೆ, ಕೆಂಪು ಅಂಚು ಕಟ್ಟಿಕೊಂಡು, ಸೊಂಟದ ಸುತ್ತ ಹಬ್ಬಿ, ಆಮೇಲೆ ಕೆಳಗೂ ಇಳಿಯಿತು. ಓಣಿಯ ಬಹಳ ಹೆಂಗಸರಿಗೆ ಅದು ಅಲ್ಲೇ ಆಗುತ್ತಿತ್ತು. ಆದರೆ ಔಷಧ ಕೇಳಲು ಹೋದಾಗ ಎಲ್ಲರದೂ ಒಂದೇ ಉತ್ತರ: ಕಾಲಿಗೆ.

ಯಾಕೆಂದರೆ ಕಾಕಾ ಕೇಳುತ್ತಿದ್ದರು. ಎಲ್ಲಿ ಆಗಿದೆ ಎಂದು ಕೇಳುತ್ತಿದ್ದರು. ಕೇಳುವ ಮೊದಲು ರೇಡಿಯೋದ ದನಿ ಇಳಿಸುತ್ತಿದ್ದರು, ಬೆಂಚಿನವರಿಗೆ ಉತ್ತರ ತಪ್ಪಬಾರದೆಂದು.

ಆಗ ನಾನು ಏಳನೆಯ ಇಯತ್ತೆ. ಒಂದು ಮಧ್ಯಾಹ್ನ ಅವ್ವ ರಾಟಿ ನಿಲ್ಲಿಸದೆಯೇ ನನ್ನನ್ನು ಕಣ್ಣಿನಿಂದ ಕರೆದು, ತುಟಿಯಲ್ಲೇ ಔಷಧದ ಹೆಸರು ಹೇಳಿದಳು. ಬಾಗಿಲ ಹತ್ತಿರ ಹೋದವಳು ತಿರುಗಿ ನೋಡಿದೆ. ಅವಳ ತುಟಿ ಮತ್ತೆ ಆಡಿತು. "ಕಾಲಿಗಿ ಅನ್ನು."

ಬೆಂಚಿನ ಮೇಲೆ ಮೂರ್ನಾಲ್ಕು ಜನ ಇದ್ದರು. ಒಬ್ಬರ ಕೈಯಲ್ಲಿ ಪೇಪರು.

"ಏನ ಬೇಕವಾ?"

"ಗಜಕರ್ಣದ ಮುಲಾಮರಿ. ಅವ್ವಗ."

ರೇಡಿಯೋ ಸಣ್ಣದಾಯಿತು. "ಎಲ್ಲಿ ಆಗೇತಿ?"

ಮನೆಯ ರೂಢಿಯಂತೆ ನಾನು ಬರೀ ತುಟಿ ಆಡಿಸಿದೆ.

"ಗಟ್ಟಿ ಹೇಳವಾ, ಕೇಳವಲ್ದು ನನಗ."

"ಕಾಲಿಗ್ರಿ."

ಕಾಕಾ ಬೆಂಚಿನ ಕಡೆ ತಿರುಗಿದರು. "ನೋಡ್ರೆಪಾ, ಈ ಓಣಿ ಹೆಣ್ಮಕ್ಕಳ ಕಾಲ ಅಂದ್ರ ಕಾಲ! ಸೊಂಟದ ಮಟಾ ಇರ್ತಾವ."

ಬೆಂಚು ನಕ್ಕಿತು. ಪೇಪರಿನವರು ಪೇಪರು ಮಡಿಲಿಗೆ ಇಳಿಸಿಕೊಂಡು ನಕ್ಕರು. ನನಗೆ ಅರ್ಥವಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಥವಾಯಿತು. ಕಾಕಾ ಹಿಂದಿನ ದೊಡ್ಡ ಬಿಳಿ ಜಾಡಿಯ ಮುಚ್ಚಳ ತೆಗೆದು, ಬಿದಿರಿನ ಚಕ್ಕೆಯಿಂದ ಮುಲಾಮು ಗೋರಿ ಚಪ್ಪಟೆ ಡಬ್ಬಿಗೆ ತುಂಬಿದರು. "ದಿನಾ ಎರಡ ಹೊತ್ತು ಹಚ್ಚಿ ತಿಕ್ಕಬೇಕಂತ ಹೇಳು. ಎ-ಒನ್ ಮಾಲು."

ಎರಡು ಆಮ್ಲ ಬೆರೆಸಿದ ಆ ಜಾಡಿಯ ಮುಲಾಮು ಅಂಗಾಲಿನದು. ಅಂಗಾಲಿನ ದಪ್ಪ ತೊಗಲನ್ನು ಪದರ ಪದರವಾಗಿ ಸುಲಿದು, ಒಳಗಿನ ಸೋಂಕಿಗೆ ದಾರಿ ಮಾಡುವಷ್ಟು ಖಾರದ ಔಷಧ. ಮೆತ್ತನೆಯ ಜಾಗಗಳಿಗೆ ಹಚ್ಚುವ ಬೇರೆ ಮುಲಾಮು ಗಾಜಿನ ಕಪಾಟಿನಲ್ಲಿ, ಟ್ಯೂಬಿನಲ್ಲಿ ಇತ್ತು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ, ರಸಾಯನಶಾಸ್ತ್ರ ಓದಲು ಬಂದ ಮೇಲೆ. ಕಾಕಾಗೆ ಅಂದೇ ಗೊತ್ತಿತ್ತು.

ಅವ್ವ ಹಚ್ಚಿಕೊಂಡಳು. ಅದರ ಮೇಲೆ ಲಾಡಿ ಬಿಗಿದು ರಾಟಿಗೆ ಕೂತಳು. ಮರುದಿನ ಉರಿ ಶುರುವಾಯಿತು. ಉರಿದರೆ ಔಷಧ ಹತ್ತುತ್ತಿದೆ ಎಂದು ಅವಳ ನಂಬಿಕೆ. "ಉರಿಯಾಕತ್ತೈತಿ ಅಂದ್ರ ಹುಳ ಸಾಯಾಕತ್ತಾವ" ಎಂದು ಪಕ್ಕದ ಮನೆಯ ಕಾಕುಗೆ ತುಟಿಯಲ್ಲೇ ಹೇಳಿದ್ದನ್ನು ನಾನು ಈ ಕಡೆಯಿಂದ ಓದಿದೆ. ಇನ್ನಷ್ಟು ಹಚ್ಚಿದಳು. ನಾಲ್ಕನೆಯ ದಿನ ಅವಳಿಗೆ ಕೂಡಲು ಆಗಲಿಲ್ಲ. ಕಂಡಿಕೆ ನಿಂತವು. ಕಂಡಿಕೆ ನಿಂತರೆ ಮಗ್ಗ ನಿಂತಂತೆ. ಅಪ್ಪ ಒಳಗೆ ಬಂದು ಏನಾಗಿದೆ ಎಂದು ಕೇಳಿದ.

"ಕಾಲ ನೋಯಾಕತ್ತೈತಿ" ಎಂದಳು ಅವ್ವ.

ಗಂಡನಿಗೂ ಅದೇ ಉತ್ತರ. ಅಪ್ಪ ಅವಳ ಕಾಲು ನೋಡಿದ. ಕಾಲಿಗೆ ಏನೂ ಆಗಿರಲಿಲ್ಲ. ಏನೋ ಗೊಣಗುತ್ತ ಹೊರಗೆ ಹೋದ.

ಅಂದು ಸ್ನಾನಕ್ಕೆ ನೀರು ಹಾಕಲು ನನ್ನನ್ನು ಕರೆದಳು. "ನೋಡಬ್ಯಾಡ, ಸುಮ್ನ ನೀರ ಹಾಕು" ಎಂದಳು. ನೋಡಿದೆ. ಲಾಡಿಯ ಗೆರೆಯುದ್ದಕ್ಕೂ ತೊಗಲು ಎದ್ದು ಬಂದಿತ್ತು. ಕೆಳಗೆ... ಅದನ್ನು ಬರೆಯುವುದಿಲ್ಲ. ನೀರು ತಾಗಿದಾಗ ಅವಳು ಬಚ್ಚಲ ಗೋಡೆಗೆ ಹಣೆ ಒತ್ತಿಕೊಂಡಳು. ಜಮಖಂಡಿಯಲ್ಲಿ ಹೆಣ್ಣುಡಾಕ್ಟರು ಇದ್ದಾರಂತೆ, ಹೋಗೋಣ ಎಂದೆ.

"ಹೋಗಾಕ ಸೀರಿ ಉಡಬೇಕಲ್ಲ ತಂಗಿ" ಎಂದಳು.

ಅವಳಿಗೆ ಹೇಳದೆ ನಾನು ಮತ್ತೆ ಆ ಅಂಗಡಿಗೆ ಹೋದೆ. ಬೆಂಚು ಅಂದೂ ತುಂಬಿತ್ತು. "ಏನವಾ, ಅವ್ವನ ಕಾಲ ಆರಾಮಾತೇನು?" ಎಂದರು ಕಾಕಾ, ಬೆಂಚಿಗೆ ಕೇಳುವಂತೆ. ನಾನು ಮೆಟ್ಟಿಲು ಹತ್ತಿ, ಕಟ್ಟೆಗೆ ಎದೆ ಒತ್ತಿ ನಿಂತು, ದನಿ ತೆಗೆಯದೆ ತುಟಿ ಆಡಿಸಿದೆ. ಎಲ್ಲಿ, ಏನಾಗಿದೆ, ಎಲ್ಲ ಹೇಳಿದೆ. ಅವರ ಕಣ್ಣು ನನ್ನ ತುಟಿಯ ಮೇಲೇ ಇತ್ತು. ಅವರೂ ನಮ್ಮ ಹಿಂದಿನ ಓಣಿಯ ನೇಕಾರರ ಮಗ; ಅವರ ತಾಯಿಯೂ ಕಂಡಿಕೆ ಸುತ್ತಿಯೇ ಅವರನ್ನು ಬೆಳೆಸಿದ್ದಳು. ಒಂದಕ್ಷರವೂ ಬಿಡದೆ ಓದಿದರು. ಬಾಯಿಯ ಒಂದು ಮೂಲೆ ಸ್ವಲ್ಪ ಮೇಲೆದ್ದದ್ದನ್ನು ನಾನು ನೋಡಿದೆ.

"ಗಟ್ಟಿ ಹೇಳವಾ. ಕೇಳವಲ್ದು."

ನಾನು ಗಟ್ಟಿಯಾಗಿ ಹೇಳಿದೆ. ನಾಲ್ಕು ಮಗ್ಗಗಳ ಸದ್ದಿನ ಮೇಲೆ ಗಂಡಸರು ಒದರುತ್ತಾರಲ್ಲ, ಹಾಗೆ.

"ಕಾಲಿಗಲ್ಲರಿ! ಪರಕಾರ ಕಟ್ಟೂ ಜಾಗಾದಾಗ. ತೊಡಿ ಸಂದ್ಯಾಗ. ನಿಮ್ಮ ಮುಲಾಮಿಗಿ ತೊಗಲ ಸುಲದು ಬಂದೈತಿ. ಸೀರಿ ಉಡಾಕ ಬರವಲ್ದು ಅವ್ವಗ!"

ಪೇಪರು ಮಡಚಿದ ಸಪ್ಪಳ ಕೇಳಿಸಿತು.

"ಸುಳ್ಳ ಹೇಳಿ ಒಯ್ದರ ನಾ ಏನ ಮಾಡ್ಲಿ? ಮೊದಲ ಹೇಳಬೇಕಿಲ್ಲ?"

"ನಿಮಗ ಗೊತ್ತಿತ್ತರಿ ಕಾಕಾ. ಸೊಂಟದ ಮಟಾ ಕಾಲ ಅಂದವರು ನೀವ."

ಯಾರೂ ನಗಲಿಲ್ಲ. ಕಾಕಾ ಸ್ಟೂಲಿನಿಂದ ಇಳಿದರು. ಇಳಿದಾಗ ಅವರು ಬಹಳ ಗಿಡ್ಡ ಎಂದು ಮೊದಲ ಸಲ ಕಂಡಿತು. ಗಾಜಿನ ಕಪಾಟಿನಿಂದ ಒಂದು ಟ್ಯೂಬು ತೆಗೆದು ಕಾಗದದಲ್ಲಿ ಸುತ್ತಿ, ಕಟ್ಟೆಯ ಮೇಲೆ ಬಾಗಿ, ನನಗೊಬ್ಬಳಿಗೇ ಕೇಳುವ ದನಿಯಲ್ಲಿ ಹೇಳಿದರು: "ಆ ಮುಲಾಮು ತೊಳದ ಬಿಡ್ರಿ. ಗಾಯ ಮಾಯೂ ತನಕಾ ಬರೇ ಕೊಬ್ಬರಿ ಎಣ್ಣಿ. ಲಾಡಿ ಬಿಗಿಬಾರದು. ಆಮ್ಯಾಲ ಇದನ್ನ ತೆಳ್ಳಗ ಹಚ್ಚಬೇಕು. ಕೆರತ ನಿಂತರೂ ಎರಡ ವಾರ ಬಿಡಬಾರದು."

ಎಲ್ಲ ಸರಿಯಾದ ಮಾತೇ. ಇಂದು ನನ್ನನ್ನು ಕೇಳಿದರೂ ನಾನು ಅಷ್ಟೇ ಹೇಳುತ್ತೇನೆ. ಎಲ್ಲಿ ಆಗಿದೆ ಎಂಬ ಅವರ ಪ್ರಶ್ನೆಯೂ ಸರಿಯೇ ಇತ್ತು; ಕೇಳದೆ ಆ ಔಷಧ ಕೊಡಬಾರದು. ನನಗೆ ಇಂದಿಗೂ ಸಹಿಸಲಾಗದ್ದು ಅದೇ. ಅವರು ಏನೂ ತಿಳಿಯದ ಮನುಷ್ಯನಾಗಿದ್ದರೆ ಮರೆತುಬಿಡಬಹುದಿತ್ತು. ತಿಳಿದಿತ್ತು. ಆ ಮೆಲುದನಿಯೂ ಅವರ ಹತ್ತಿರ ಇತ್ತು. ಬೆಂಚಿಗೆ ಒಂದು ನಗೆ ಸಿಗಲಿ ಎಂದು ಅಷ್ಟು ವರ್ಷ ಅದನ್ನು ಒಳಗಿಟ್ಟುಕೊಂಡು ಕೂತಿದ್ದರು. ಒಂದು ಓಣಿಯ ಹೆಂಗಸರೆಲ್ಲ ಸುಳ್ಳು ಹೇಳಿ, ಆ ಸುಳ್ಳನ್ನೇ ಮೈಗೆ ಹಚ್ಚಿಕೊಂಡು ಹೋಗುವುದನ್ನು ನೋಡುತ್ತ ಕೂತಿದ್ದರು.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವ್ವ ಬಯ್ಯಲಿಲ್ಲ, ಹೊಡೆಯಲಿಲ್ಲ. ಟ್ಯೂಬು ಇಸಿದುಕೊಂಡು ಗೋಡೆಯ ಕಡೆ ಹೊರಳಿ ಮಲಗಿದಳು. ಮಲಗಿದಲ್ಲಿಂದಲೇ, ದನಿ ತೆಗೆದೇ ಹೇಳಿದಳು.

"ನಾಕ ಮಂದ್ಯಾಗ ನನ್ನ ಪರಕಾರ ಬಿಚ್ಚಿದಿ."

ತಿಂಗಳೊಪ್ಪತ್ತಿನಲ್ಲಿ ಗಾಯ ಮಾಯಿತು, ಗಜಕರ್ಣವೂ ಹೋಯಿತು. ಅವಳು ಮತ್ತೆ ರಾಟಿಗೆ ಕೂತಳು. ಕಾಕಾನ ಮೇಲೆ ಅವಳಿಗೆ ಸಿಟ್ಟು ಇರಲಿಲ್ಲ. ಎದುರು ಸಿಕ್ಕರೆ ಸೆರಗು ಹೊದ್ದು ಪಕ್ಕಕ್ಕೆ ಸರಿಯುತ್ತಿದ್ದಳು. ಓಣಿಯ ಹೆಂಗಸರು ಮುಲಾಮಿಗೆ ಬಸ್ಸು ಹತ್ತಿ ಮಹಾಲಿಂಗಪುರಕ್ಕೆ ಹೋಗತೊಡಗಿದರು. ಗುರುತಿಲ್ಲದ ಅಂಗಡಿ. ಅಲ್ಲಿಯೂ ಕಾಲಿಗೇ ಎನ್ನುತ್ತಿದ್ದರಂತೆ. ನಾನು ಶಾಲೆಗೆ ಹೋಗುವಾಗ ಕಾಕಾ ಬೆಂಚಿನವರಿಗೆ "ಬಂದಳ್ರೆಪಾ ವಕೀಲಬಾಯಿ" ಎನ್ನುತ್ತಿದ್ದರು. ಅವರ ಚೇತರಿಕೆಗೆ ಬಹಳ ದಿನ ಹಿಡಿಯಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರೆಂದು ತಮ್ಮನ ಕಾಗದ ಬಂತು. ಪ್ಯಾಟಿಯ ಅಂಗಡಿಗಳೆಲ್ಲ ಅರ್ಧ ದಿನ ಮುಚ್ಚಿದ್ದವಂತೆ, ಬಡವರ ಡಾಕ್ಟರು ಹೋದರು ಎಂದು ಮಂದಿ ಮಾತಾಡಿದರಂತೆ. ಕಾಗದ ಮಡಚಿ ಇಟ್ಟೆ. ಆ ಮೀಸೆಯ ಸರ್ಟಿಫಿಕೇಟು ಈಗ ಯಾರ ಗೋಡೆಗೆ ಹೋಯಿತೋ ಎಂಬುದೊಂದನ್ನು ಬಿಟ್ಟು ನನಗೆ ಬೇರೇನೂ ಅನ್ನಿಸಲಿಲ್ಲ.

ಅವ್ವ ಅವರಿಗಿಂತ ಮೊದಲೇ ಹೋಗಿದ್ದಳು. ನಾನು ಅಂಗಡಿಯಲ್ಲಿ ಒದರಿದ ಆ ದಿನದ ನಂತರ ಅವಳು ತನ್ನ ಮೈಯ ಒಂದು ಸುದ್ದಿಯನ್ನೂ ನನಗೆ ಹೇಳಲಿಲ್ಲ, ತಲೆನೋವಿನದನ್ನು ಕೂಡ. ಕೊನೆಗೆ ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲಿ ನೋವು ಎಂದು ಕೇಳಿದಾಗ, ನನ್ನ ಕಡೆ ನೋಡಿ, "ನೀ ಹೊರಗ ಹೋಗು" ಎಂದಳು. ಹೋದೆ. ಬಾಗಿಲಿಗೆ ಗಾಜಿತ್ತು. ಗಾಜಿನ ಆಚೆ ಅವಳ ತುಟಿ ಆಡತೊಡಗಿದವು. ನನಗೆ ಓದಲು ಬರುತ್ತಿತ್ತು... ಮುಖ ತಿರುಗಿಸಿ ನಿಂತೆ.

ಈ ಸಂಜೆಯ ಅಂಗಡಿಯಲ್ಲಿ ಬೆಂಚು ಇರಲಿಲ್ಲ. ಕೌಂಟರಿನ ಹಿಂದೆ ನನಗಿಂತ ಚಿಕ್ಕ ಹುಡುಗಿ. ಗಿರಾಕಿಯೆಂದು ಇದ್ದವರು ಒಬ್ಬರೇ, ಬೆನ್ನು ತಿರುಗಿಸಿ ಕೆಮ್ಮಿನ ಔಷಧದ ಬಾಟಲಿ ನೋಡುತ್ತಿದ್ದ ಮುದುಕರು. ಹುಡುಗಿ ಮುಂದೆ ಬಾಗಿ, ಬಹಳ ಮೆಲ್ಲಗೆ ಕೇಳಿದಳು. "ಎಲ್ಲಿ ಆಗೇತಿರಿ ಅಕ್ಕಾ?"

"ಕಾಲಿಗೆ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಅದು ತಾನಾಗಿ ಬಂತು. ಅವಳು ಕಾಲಿನ ಡಬ್ಬಿಯನ್ನೇ ಕೊಟ್ಟಳು, ಕೊಡಬೇಕಾದದ್ದೂ ಅದೇ. ನನಗೆ ಆಗಿರುವುದು ಕಾಲಿಗಲ್ಲ. ಎಲ್ಲಿ ಎಂಬುದನ್ನು ಇಲ್ಲಿಯೂ ಬರೆಯಲಾರೆ.

ಡಬ್ಬಿಯ ಮೇಲಿನ ಸಣ್ಣಕ್ಷರ ಓದಿದ್ದೇನೆ. ಅವೇ ಎರಡು ಆಮ್ಲ. ಇದನ್ನು ಹಚ್ಚುವಂತಿಲ್ಲ. ಅಂಗಡಿ ಇನ್ನೂ ತೆರೆದಿರುತ್ತದೆ, ನಡೆದರೆ ಹತ್ತು ನಿಮಿಷದ ದಾರಿ. ಚಪ್ಪಲಿ ಮೆಟ್ಟುವ ಮೊದಲು ಕನ್ನಡಿಯ ಮುಂದೆ ನಿಂತು, ಹೇಳಬೇಕಾದ ಮಾತನ್ನು ಒಮ್ಮೆ ಹೇಳಿ ನೋಡಿದೆ. ತುಟಿ ಆಡಿದವು. ದನಿ ಬರಲಿಲ್ಲ.