ಚಿಕ್ಕ ಬುಟ್ಟಿಯ ಗುರುತು

ಊರಾಚೆ ಒಂದು ದಿಬ್ಬ. ತಾನಾಗಿ ಎದ್ದದ್ದಲ್ಲ; ಮೂರು ಸಾವಿರ ವರ್ಷದ ಹಿಂದೆ ಯಾರೋ ತಲೆಮೇಲೆ ಮಣ್ಣು ಹೊತ್ತು ಹೊತ್ತು ಎಬ್ಬಿಸಿದ್ದು. ಯಾಕೆಂದು ಬಲ್ಲವರಿಲ್ಲ. ದಾರಿ ತಪ್ಪಿದವರಿಗೆ ಅದೇ ಗುರುತು, ಮೋಡ ಕಟ್ಟಿತೋ ಎಂದು ನೋಡುವವರಿಗೂ ಅದೇ ದಿಕ್ಕು. ಅದರ ಕಾವಲಿನವನನ್ನು ಎಲ್ಲರೂ ದಿಬ್ಬದಣ್ಣ ಅನ್ನುತ್ತಿದ್ದರು.

ಹುಲ್ಲು ಕೊಯ್ಯುವುದು, ಬೇಲಿ ನೋಡುವುದು, ಅವನ ಕೆಲಸ ಅಷ್ಟೇ. ಆದರೆ ಮಳೆಗೆ ಮೂಡಣ ಮಗ್ಗುಲು ಕೊರಕಲು ಬಿದ್ದರೆ ಅವನು ಸುಮ್ಮನಿರುತ್ತಿರಲಿಲ್ಲ. ಯಾರೂ ಹೇಳದೆಯೇ, ಕೊಚ್ಚಿ ಬಂದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮತ್ತೆ ಮೇಲೆ ಸುರಿಯುತ್ತಿದ್ದ.

"ಮನೆ ಗೋಡೆ ಬಾಯಿ ಬಿಟ್ಕೊಂಡಿದೆ, ಇವರು ದಿಬ್ಬಕ್ಕೆ ತೇಪೆ ಹಾಕ್ತಾರೆ! ಅದನ್ನೇ ಕಟ್ಕೋಬೇಕಿತ್ತು ನೀವು," ಎಂದು ಹೆಂಡತಿ ಮೂತಿ ತಿರುವುತ್ತಿದ್ದಳು.

ಏಳು ವರ್ಷದ ಮಗಳು ಮಾತ್ರ ಅಪ್ಪನ ಪಕ್ಷ. ಹಿತ್ತಲ ಕೆಮ್ಮಣ್ಣನ್ನು ಪುಟಾಣಿ ಬುಟ್ಟಿಗೆ ತುಂಬಿ ಅವನ ಹಿಂದೆ ಹಿಂದೆಯೇ ಹತ್ತುತ್ತಿದ್ದಳು.

"ಅಪ್ಪಾ, ನಂದೂ ಸೇರಿದ್ರೆ ದಿಬ್ಬ ಎತ್ತರ ಆಗತ್ತಲ್ವಾ?"

"ಆಗ್ದೆ ಏನು! ಆಕಾಶಕ್ಕೇ ತಲೆ ತಾಗತ್ತೆ, ನೋಡ್ತಿರು."

ಮರುವರ್ಷ ಅವಳಿಗೆ ಜ್ವರ ಬಂತು, ಮೂರೇ ದಿನ. ಆಮೇಲೆ ದಿಬ್ಬದಣ್ಣ ಒಬ್ಬನೇ ಹೊತ್ತ.

ಇಪ್ಪತ್ತು ವರ್ಷ ಕಳೆದು, ಹಳೆಯ ಕಾಲದ ಮಣ್ಣನ್ನು ಅಗೆದು ಓದುವ ಮೇಡಂ ಒಬ್ಬರು ಬಂದರು. ಮೂಡಣ ಮಗ್ಗುಲನ್ನೇ ಸೀಳಿ ಗುಂಡಿ ತೋಡಿಸಿದರು. ಗುಂಡಿಯ ಗೋಡೆ ಕೆರೆದರೆ ಬಣ್ಣಬಣ್ಣದ ಮಚ್ಚೆಗಳು.

"ಬನ್ನಿ ಅಣ್ಣ! ಒಂದೊಂದು ಮಚ್ಚೆ ಒಂದೊಂದು ಬುಟ್ಟಿ ಮಣ್ಣು. ದೊಡ್ಡವುಗಳ ಪಕ್ಕ ಈ ಚಿಕ್ಕ ಕೆಂಪು ಮಚ್ಚೆ ನೋಡಿ. ಆ ಕಾಲದಲ್ಲಿ ಮಕ್ಕಳೂ ಹೊತ್ತಿದಾರೆ ಅನ್ಸತ್ತೆ. ಇಂಥದ್ದು ಎಲ್ಲೂ ಸಿಕ್ಕಿರ್ಲಿಲ್ಲ!"

ದಿಬ್ಬದಣ್ಣ ಬಗ್ಗಿ ನೋಡಿದ; ತನ್ನ ಹಿತ್ತಲ ಕೆಮ್ಮಣ್ಣೇ. ಸುಮ್ಮನಿದ್ದರೆ ಮಗಳ ಮಣ್ಣು ಇದ್ದಲ್ಲೇ ಇರುತ್ತದೆ. ಬಾಯಿಬಿಟ್ಟರೆ ಅಗೆದು ಎಸೆಯುತ್ತಾರೆ. ಆದರೆ ಹೇಳದಿದ್ದರೆ, ನಿಜವಾಗಿ ದಿಬ್ಬಕ್ಕೆ ಮಣ್ಣು ಹೊತ್ತವರು ಅವಳ ಹಿಂದೆ ಮುಚ್ಚಿಹೋಗುತ್ತಾರೆ. ಅವರೂ ಯಾರದೋ ಮಕ್ಕಳೇ.

"ಅದು ನಮ್ದು, ಮೇಡಂ. ದೊಡ್ಡದು ನಂದು. ಚಿಕ್ಕದು ನನ್ನ ಮಗಳದ್ದು."

"ಮಗಳು ಈಗ ಎಲ್ಲಿದಾರೆ?"

ಅವನು ಕೆಂಪು ಮಚ್ಚೆಯ ಮೇಲೆ ಅಂಗೈ ಇಟ್ಟ. ಮೇಡಂಗೆ ಅರ್ಥವಾಯಿತು. "ಇದನ್ನ ತೆಗೀದೆ ಹಳೇದು ಕಾಣಲ್ಲ ಅಣ್ಣ," ಎಂದರು, ಮೆಲ್ಲಗೆ.

"ಗೊತ್ತು. ಆಳುಗಳು ಬೇಡ, ನಾನೇ ತೆಗೀತೀನಿ."

ತನ್ನದೆಲ್ಲವನ್ನೂ ಗುದ್ದಲಿಯಿಂದ ಎಳೆದುಹಾಕಿದ. ಕೆಂಪಿಗೆ ಬಂದಾಗ ಗುದ್ದಲಿ ಬಿಟ್ಟು ಬೆರಳಿಂದ ಕೆರೆದ. ಸುದ್ದಿ ಕೇಳಿ ಹೆಂಡತಿ ಬಂದಳು, ಅಟ್ಟದಿಂದ ಇಳಿಸಿದ ಪುಟಾಣಿ ಬುಟ್ಟಿ ಹಿಡಿದು. ಅದರಲ್ಲೇ ತುಂಬಿ ತುಂಬಿ ಇಬ್ಬರೂ ಹಿತ್ತಲಿಗೆ ಹೊತ್ತರು. ಹನ್ನೊಂದು ಬುಟ್ಟಿಗೆ ಮುಗಿಯಿತು.

"ಇಷ್ಟೇನಾ?" ಎಂದಳು ಹೆಂಡತಿ.

"ಇಷ್ಟೇ. ಒಂದೇ ಮಳೆಗಾಲ ಅಲ್ವೇನೇ ಅವಳು ಹೊತ್ತಿದ್ದು."